ಜಕಾರ್ತದ ಮೈದಾನ, ದೇಶಗಳ ಜಗಳ

ಕೇಳುಗರಿಗೆ ನಮಸ್ಕಾರ.

1962ರ ಸೆಪ್ಟೆಂಬರ್ 4. ಜಕಾರ್ತದ ಸೆನಯನ್ ಕ್ರೀಡಾಂಗಣದಲ್ಲಿ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಫೈನಲ್. ಭಾರತಕ್ಕೆ ಎದುರಾಳಿ ದಕ್ಷಿಣ ಕೊರಿಯಾ. ಆದರೆ ಅವತ್ತು ಇಡೀ ಮೈದಾನವೇ ನಮ್ಮವರ ಮೇಲೆ ತಿರುಗಿಬಿದ್ದಿತ್ತು. ನಮ್ಮ ರಾಷ್ಟ್ರಗೀತೆ ಕೂಗಾಟದಲ್ಲಿ ಮುಳುಗಿಹೋಯಿತು. ಹಿಂದಿನ ದಿನವಷ್ಟೇ ಗುಂಪೊಂದು ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ನುಗ್ಗಿ ದಾಂಧಲೆ ಮಾಡಿತ್ತು.

ಏಳು ವರ್ಷದ ಹಿಂದೆ ಏಷ್ಯಾ-ಆಫ್ರಿಕಾ ದೇಶಗಳ ಬಾಂಡುಂಗ್ ಸಮ್ಮೇಳನದಲ್ಲಿ ನೆಹರೂ, ಇಂಡೊನೇಷ್ಯಾದ ಅಧ್ಯಕ್ಷ ಸುಕರ್ನೋ ಅಕ್ಕಪಕ್ಕ ನಿಂತವರು. ಹಾಗಿದ್ದರೆ ಈ ಸಿಟ್ಟು ಎಲ್ಲಿಂದ ಬಂತು?

ಇಂಡೊನೇಷ್ಯಾ ಇಸ್ರೇಲಿಗೂ ತೈವಾನಿಗೂ ವೀಸಾ ಕೊಟ್ಟಿರಲಿಲ್ಲ. ಒಂದು ಕಡೆ ಅರಬ್ ದೇಶಗಳ ಸ್ನೇಹ, ಇನ್ನೊಂದು ಕಡೆ ಕಮ್ಯುನಿಸ್ಟ್ ಚೀನಾದ ಸ್ನೇಹ, ಎರಡೂ ಬೇಕಾಗಿತ್ತು. ಆದರೆ ಇಸ್ರೇಲ್, ತೈವಾನ್ ಎರಡೂ ಏಷ್ಯನ್ ಕ್ರೀಡಾ ಒಕ್ಕೂಟದ ಸದಸ್ಯರು. ಈ ಕೂಟವನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ನಮ್ಮ ಜಿ.ಡಿ. ಸೋಂಧಿ ಪಟ್ಟು ಹಿಡಿದರು: ಸದಸ್ಯರನ್ನು ಹೊರಗಿಟ್ಟ ಮೇಲೆ ಇದನ್ನು ಏಷ್ಯನ್ ಕ್ರೀಡಾಕೂಟ ಅಂತ ಕರೆಯುವ ಹಾಗಿಲ್ಲ. ಅವರ ಮಾತು ನ್ಯಾಯವಾದದ್ದೇ. ಅದರ ಬಿಸಿ ತಟ್ಟಿದ್ದು ಮಾತ್ರ ಆಟಗಾರರಿಗೆ.

ಆ ತಂಡವನ್ನು ನೆನೆದರೆ ಈಗಲೂ ಎದೆಯುಬ್ಬುತ್ತದೆ. ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದ್ದರು. ಕೋಚ್ ರಹೀಮ್ ಸಾಹೇಬರು ಅವರನ್ನು ಮುಂದಿನ ಸಾಲಿಗೆ ತಂದು ನಿಲ್ಲಿಸಿದರು. ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಜರ್ನೈಲ್ ಒಂದು ಗೋಲು. 2-1ರಲ್ಲಿ ಚಿನ್ನ ನಮ್ಮದಾಯಿತು.

ಜಗಳ ಅಲ್ಲಿಗೇ ಮುಗಿಯಲಿಲ್ಲ. 1963ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇಂಡೊನೇಷ್ಯಾವನ್ನು ಅಮಾನತು ಮಾಡಿತು. ಸುಕರ್ನೋ ಸುಮ್ನಿರಲಿಲ್ಲ. ಕ್ರೀಡೆಗೂ ರಾಜಕೀಯಕ್ಕೂ ಸಂಬಂಧ ಇಲ್ಲ ಅನ್ನುವುದನ್ನು ತಾನು ಒಪ್ಪುವುದಿಲ್ಲ ಎಂದು ಬಹಿರಂಗವಾಗಿಯೇ ಸಾರಿದರು. ಅದೇ ನವೆಂಬರಿನಲ್ಲಿ ಜಕಾರ್ತದಲ್ಲಿ ಗನೆಫೋ ಎಂಬ ಬೇರೆಯೇ ಕೂಟ ನಡೆಸಿದರು. ಹೊಸದಾಗಿ ಎದ್ದು ನಿಂತ ದೇಶಗಳ ಒಲಿಂಪಿಕ್ಸ್ ಅದು, ಬೆನ್ನಿಗೆ ಚೀನಾದ ದುಡ್ಡು. 1965ರ ಜನವರಿಯಲ್ಲಿ ಇಂಡೊನೇಷ್ಯಾ ವಿಶ್ವಸಂಸ್ಥೆಯಿಂದಲೇ ಹೊರನಡೆಯಿತು. ತಾನು ವಿರೋಧಿಸುತ್ತಿದ್ದ ಮಲೇಷ್ಯಾಕ್ಕೆ ಭದ್ರತಾ ಮಂಡಳಿಯಲ್ಲಿ ಜಾಗ ಸಿಕ್ಕಿದ್ದು ಅದಕ್ಕೆ ಕಾರಣ.

ಹೊಸ ದೇಶಗಳಿಗೆ ಹಳೆಯ ಸಂಸ್ಥೆಗಳ ಮೇಲೆ ಸಿಟ್ಟಿದ್ದದ್ದು ಸಹಜ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಉತ್ತರ ಕೊರಿಯಾದ ಓಟಗಾರ್ತಿ ಶಿನ್ ಕಿಮ್ ದಾನ್ ಮಾಡಿದ ತಪ್ಪಾದರೂ ಏನು? ಗನೆಫೋದಲ್ಲಿ 800 ಮೀಟರನ್ನು 1 ನಿಮಿಷ 59.1 ಸೆಕೆಂಡಿನಲ್ಲಿ ಓಡಿದರು. ಅದನ್ನು ದಾಖಲೆ ಅಂತ ಒಪ್ಪಲಿಲ್ಲ. ಗನೆಫೋದಲ್ಲಿ ಓಡಿದ್ದಕ್ಕೆ 1964ರ ಟೋಕಿಯೊ ಒಲಿಂಪಿಕ್ಸ್‌ಗೂ ಬಿಡಲಿಲ್ಲ. ಕೊರಿಯಾ ಯುದ್ಧದಲ್ಲಿ ದಕ್ಷಿಣಕ್ಕೆ ಹೋಗಿ ಬೇರೆಯಾಗಿದ್ದ ಅಪ್ಪ, ಮಗಳನ್ನು ನೋಡಲೆಂದು ಟೋಕಿಯೊಗೆ ಬಂದಿದ್ದರು. ತಂದೆ-ಮಗಳಿಗೆ ಸಿಕ್ಕಿದ್ದು ಕೆಲವೇ ನಿಮಿಷ. ತಂಡ ಊರಿಗೆ ವಾಪಸ್ಸು ಹೊರಟಿತು.

ಟೋಕಿಯೊದಲ್ಲಿ ಆ ಓಟದ ಚಿನ್ನ ಬ್ರಿಟನ್ನಿನ ಆ್ಯನ್ ಪ್ಯಾಕರ್ ಪಾಲಾಯಿತು. ಅವರ ಸಮಯ 2 ನಿಮಿಷ 1.1 ಸೆಕೆಂಡು.