ಏಸಾವನ ಪರವಾಗಿ

ಕೇಳುಗರೇ, ನಮಸ್ಕಾರ.

ನಮ್ಮ ಬೆಳಗಾವಿ ಕಡೆಯ ಹಳ್ಳಿಗಳಲ್ಲಿ ಮದುವೆಗೆ ಕರೆಯುವುದರಲ್ಲಿ ಎರಡು ಬಗೆ. ‘ಮನಿಗೊಬ್ರು ಬರ್ರಿ’ ಅನ್ನುವುದು ಒಂದು. ‘ಮನಿಮಂದಿ ಎಲ್ಲಾರೂ ಬರ್ರಿ, ಒಲಿ ಹಚ್ಚಬ್ಯಾಡ್ರಿ’ ಅನ್ನುವುದು ಇನ್ನೊಂದು. ಯಾರ ಮನೆಗೆ ಯಾವ ಕರೆ ಹೋಯಿತು ಎಂಬುದರ ಮೇಲೆ ವರ್ಷಗಟ್ಟಲೆ ಮುನಿಸು ನಡೆಯುವುದುಂಟು. ಹಾಗಾದರೆ ದೇವರ ಕರೆ ಯಾವ ಬಗೆಯದು? ಬೈಬಲ್ ಓದುವವರಲ್ಲಿ ಈ ಜಗಳ ಇನ್ನೂ ಮುಗಿದಿಲ್ಲ.

ಮತ್ತಾಯನ ಸುವಾರ್ತೆಯ 22ನೇ ಅಧ್ಯಾಯದಲ್ಲಿ ಯೇಸು ಹೇಳುವುದೂ ಮದುವೆ ಊಟದ ಕತೆಯೇ. ಕರೆದವರು ಬರಲಿಲ್ಲ. ಅರಸ ಆಳುಗಳನ್ನು ಬೀದಿಗೆ ಕಳಿಸಿದ. ಒಳ್ಳೆಯವರು, ಕೆಟ್ಟವರು ಎನ್ನದೆ ಸಿಕ್ಕವರನ್ನೆಲ್ಲ ಕರೆತಂದರು. ಮನೆ ತುಂಬಿತು. ಕತೆ ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು, ಅಲ್ವಾ? ನಿಲ್ಲುವುದಿಲ್ಲ. ಮದುವೆ ಬಟ್ಟೆ ಹಾಕಿಕೊಳ್ಳದ ಒಬ್ಬನನ್ನು ಕೈಕಾಲು ಕಟ್ಟಿ ಹೊರಗೆ ಕತ್ತಲೆಗೆ ಹಾಕುತ್ತಾರೆ. ಕರೆ ಬಂದವರು ಬಹಳ, ಆಯ್ಕೆಯಾದವರು ಕೆಲವರೇ ಎಂದು ಮುಗಿಯುತ್ತದೆ. ಆದರೆ ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯ ತೆಗೆದರೆ, ಎಲ್ಲ ಮನುಷ್ಯರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಷ್ಟ ಎಂದಿದೆ. ಎರಡೂ ಒಂದೇ ಪುಸ್ತಕದಲ್ಲಿವೆ.

ನಮ್ಮೂರಿಗೂ ಈ ಎರಡು ದನಿಗಳ ನಂಟಿದೆ. 1820ರಲ್ಲಿ ಬೆಳಗಾವಿಗೆ ಬಂದದ್ದು ಲಂಡನ್ ಮಿಶನ್ ಎಂಬ ಕ್ರೈಸ್ತ ಪ್ರಚಾರ ಸಂಘ. ರಕ್ಷಣೆ ಯಾರಿಗೆ ಎಂಬುದನ್ನು ದೇವರು ಮೊದಲೇ ಆರಿಸಿದ್ದಾನೆ ಎಂದ ಧರ್ಮಸುಧಾರಕ ಕ್ಯಾಲ್ವಿನ್‌ನ ದಾರಿಯವರು ಅದರಲ್ಲಿ ಜಾಸ್ತಿ. ಮುಂದೆ ಇಲ್ಲಿನ ಕೆಲಸ ಮೆಥೊಡಿಸ್ಟರು ಎಂಬ ಇನ್ನೊಂದು ಕ್ರೈಸ್ತ ಪಂಗಡದವರ ಕೈಗೆ ಬಂತು. ಅವರ ಮೂಲಗುರು ಜಾನ್ ವೆಸ್ಲಿ 1739ರಲ್ಲೇ ಆ ಮಾತನ್ನು ಖಂಡಿಸಿ, ಕೃಪೆ ಎಲ್ಲರಿಗೂ ಎಂದಿದ್ದ. ಬೆಂಚಿನ ಮೇಲೆ ಕೂತು ಕೇಳುತ್ತಿದ್ದ ನಮ್ಮ ಹಿರಿಯರಿಗೆ ಈ ಫರಕು ಗೊತ್ತಾಯಿತೋ ಇಲ್ಲವೋ!

ನಮ್ಮ ಆಯಿಗೆ ಮಾತ್ರ ಗೊತ್ತಾಗಿತ್ತು. ಅವಳ ಸಿಟ್ಟೆಲ್ಲ ಏಸಾವನ ಕತೆಯ ಮೇಲೆ. ರೆಬೆಕ್ಕಳ ಹೊಟ್ಟೆಯಲ್ಲಿ ಅವಳಿ ಮಕ್ಕಳು: ದೊಡ್ಡವನು ಏಸಾವ, ಚಿಕ್ಕವನು ಯಾಕೋಬ. ಹುಟ್ಟುವ ಮೊದಲೇ, ದೊಡ್ಡವನು ಚಿಕ್ಕವನ ಸೇವೆ ಮಾಡುವನು ಎಂದು ದೇವರು ಹೇಳಿದ. ರೋಮಾಪುರದವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಪೌಲ ಇದನ್ನೇ ಎತ್ತಿಕೊಂಡು, ಆ ಮಕ್ಕಳು ಒಳ್ಳೆಯದನ್ನಾಗಲಿ ಕೆಟ್ಟದ್ದನ್ನಾಗಲಿ ಇನ್ನೂ ಮಾಡಿರಲಿಲ್ಲ ಎನ್ನುತ್ತಾನೆ. ಆಯಿ ಕೇಳುತ್ತಿದ್ದಳು: ‘ಹೊಟ್ಟ್ಯಾಗಿನ ಕೂಸು ಏನ್ ತಪ್ಪ ಮಾಡಿತ್ತೋ ತಮ್ಮಾ?’

ಪೌಲನ ಪತ್ರವನ್ನು ಅಲ್ಲಿಗೇ ಓದಿ ಮುಚ್ಚುವುದು ತಪ್ಪು ಎಂದು ನನಗೆ ಅನಿಸುತ್ತದೆ. ಎರಡು ಅಧ್ಯಾಯ ದಾಟಿ 11ಕ್ಕೆ ಬಂದರೆ, ಎಲ್ಲರಿಗೂ ಕರುಣೆ ತೋರಿಸಬೇಕೆಂದೇ ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಮುಚ್ಚಿಹಾಕಿದ್ದಾನೆ ಎನ್ನುತ್ತಾನೆ. ಆಯ್ಕೆ ಎಂದರೆ ಮಿಕ್ಕವರನ್ನು ಬಿಟ್ಟಂತಲ್ಲ. ಕರೆಯಲು ಮನೆಮನೆಗೆ ಯಾರನ್ನೋ ಕಳಿಸುತ್ತೇವಲ್ಲ, ಹಾಗೆ. ಅಬ್ರಹಾಮನನ್ನು ಕರೆದಾಗಲೂ, ನಿನ್ನಿಂದ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ ಎಂದೇ ಮಾತು. ಇಷ್ಟು ಹೇಳಿದರೂ ಆ ಬಟ್ಟೆಯಿಲ್ಲದವನು ನನಗೆ ಕತ್ತಲೆಯಲ್ಲೇ ಕಾಣುತ್ತಾನೆ. ಅವನನ್ನು ಸುಮ್ನೆ ಮರೆಯಲು ಆಗುವುದಿಲ್ಲ.

ಆಯಿಗೆ ಇಂಥ ವಾದ ಬೇಕಿರಲಿಲ್ಲ. ಅವಳು ಆದಿಕಾಂಡದ 33ನೇ ಅಧ್ಯಾಯ ಓದಿಸುತ್ತಿದ್ದಳು. ವರ್ಷಗಳ ಮೇಲೆ ಏಸಾವ 400 ಆಳುಗಳೊಂದಿಗೆ ಎದುರಿಗೆ ಬರುತ್ತಾನೆ. ಅಣ್ಣನಿಗೆ ಮೋಸ ಮಾಡಿ ಓಡಿಹೋಗಿದ್ದ ಯಾಕೋಬನಿಗೆ ಜೀವಭಯ. 7 ಸಲ ನೆಲದವರೆಗೂ ಬಗ್ಗುತ್ತಾನೆ. ಏಸಾವ ಓಡಿಬಂದು ತಬ್ಬಿಕೊಂಡು ಮುದ್ದಿಡುತ್ತಾನೆ. ಇಬ್ಬರೂ ಅಳುತ್ತಾರೆ. ಆಗ, ಆಯ್ಕೆಯಾದ ಯಾಕೋಬ ಆಯ್ಕೆಯಾಗದ ಅಣ್ಣನಿಗೆ ಹೇಳುತ್ತಾನೆ: ನಿನ್ನ ಮುಖ ನೋಡಿದ್ದು ದೇವರ ಮುಖ ನೋಡಿದ ಹಾಗಾಯಿತು.

‘ಇದನ್ನ ಪಾದ್ರಿಗೋಳು ಯಾಕ ಓದಂಗಿಲ್ಲೋ?’ ಎನ್ನುತ್ತಿದ್ದಳು ಆಯಿ.

ನಮಸ್ಕಾರ.