ಸೋತವನ ಮಾತನ್ನು ಅಥೆನ್ಸ್ ಯಾಕೆ ಕೇಳಿತು?

ನಮಸ್ಕಾರ. ಇವತ್ತು ನಿಮ್ಮನ್ನು ಕ್ರಿಸ್ತಪೂರ್ವ 330ರ ಅಥೆನ್ಸ್‌ನ ಒಂದು ನ್ಯಾಯಾಲಯಕ್ಕೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ತೀರ್ಪು ಕೊಡುವವರು ಕಾನೂನು ಕಲಿತವರಲ್ಲ, ಚೀಟಿ ಎತ್ತಿ ಆರಿಸಿದ ನೂರಾರು ಸಾಮಾನ್ಯ ನಾಗರಿಕರು. ಮಾತಿನ ಹೊತ್ತನ್ನು ಅಳೆಯಲು ನೀರು ಸೋರುವ ಗಡಿಗೆ ಇಟ್ಟಿದ್ದಾರೆ. ಎದ್ದು ನಿಂತವನು ಊರಿನ ಹೆಸರಾಂತ ಮಾತುಗಾರ ಡೆಮಾಸ್ತನೀಸ್. ಎಂಟು ವರ್ಷಗಳ ಹಿಂದೆ ಇವನ ಮಾತನ್ನು ನಂಬಿ ಊರು ಮ್ಯಾಸಿಡೋನಿಯದ ರಾಜ ಫಿಲಿಪ್‌ನ ಮೇಲೆ ಯುದ್ಧಕ್ಕೆ ಹೋಗಿತ್ತು. ಕೈರೊನಿಯದ ಬಯಲಿನಲ್ಲಿ ಸುಮಾರು 1,000 ಅಥೆನ್ಸಿಗರು ಸತ್ತರು, 2,000 ಮಂದಿ ಸೆರೆಯಾದರು. ಅಂಥವನಿಗೆ ಚಿನ್ನದ ಕಿರೀಟ ತೊಡಿಸಬೇಕೆಂದು ಅವನ ಕಡೆಯ ಕ್ಟೆಸಿಫಾನ್ ಸೂಚಿಸಿದ್ದ. ಅದು ಕಾನೂನಿಗೆ ವಿರುದ್ಧ ಎಂದು ಡೆಮಾಸ್ತನೀಸ್‌ನ ಎದುರಾಳಿ ಮಾತುಗಾರ ಈಸ್ಕಿನೀಸ್ ದಾವೆ ಹೂಡಿದ್ದ.

ಡೆಮಾಸ್ತನೀಸ್ ಮೊದಲು ದೇವದೇವತೆಯರನ್ನೆಲ್ಲ ಪ್ರಾರ್ಥಿಸುತ್ತಾನೆ. ಈ ನಗರದ ಮೇಲೆ, ನಿಮ್ಮೆಲ್ಲರ ಮೇಲೆ ನಾನು ಎಂದಿನಿಂದಲೂ ಇಟ್ಟುಕೊಂಡು ಬಂದಿರುವಷ್ಟೇ ಒಳ್ಳೆಯ ಮನಸ್ಸು ಇಂದು ನಿಮ್ಮಿಂದ ನನಗೆ ಸಿಗಲಿ ಎನ್ನುತ್ತಾನೆ. ಅವನು ಬಳಸಿದ ಪದ ‘ಯೂನೋಯಿಯ’. ಅದನ್ನು ಬಿಡಿಸಿದರೆ ಸಿಗುವುದು ಇದೇ: ಒಳ್ಳೆಯ, ಮನಸ್ಸು.

ಇದು ಸಭೆಯನ್ನು ಒಲಿಸಿಕೊಳ್ಳುವ ಬರೀ ಉಪಾಯ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ರಾರ್ಥನೆಯಲ್ಲಿನ ‘ಇಟ್ಟುಕೊಂಡು ಬಂದಿರುವಷ್ಟೇ’ ಎಂಬ ಅಳತೆಯನ್ನು ಗಮನಿಸಿ. ನಾನು ಕೊಟ್ಟದ್ದೆಷ್ಟು ಎಂದು ತೂಗಿ ನೋಡಿ, ಅಷ್ಟನ್ನೇ ಕೊಡಿ ಎಂದು ತಕ್ಕಡಿಯನ್ನು ಕೇಳುಗರ ಕೈಗೇ ಇಡುತ್ತಾನೆ. ಹೊಗಳಿ ಒಲಿಸಿಕೊಳ್ಳುವವನು ಹಾಗೆ ಮಾಡುವುದಿಲ್ಲ. ಇನ್ನೊಂದು ಮಾತು: 341ರಲ್ಲಿ ಇದೇ ಜನರ ಮುಂದೆ ನಿಂತು, ಸಭೆಯಲ್ಲಿ ನೀವು ಕಿವಿಗೆ ಇಂಪಾದದ್ದನ್ನೇ ಕೇಳುತ್ತಾ ಕುಳಿತಿದ್ದೀರಿ, ಹೊರಗೆ ಅಪಾಯ ತಲೆಯ ಮೇಲೆ ಬಂದಿದೆ ಎಂದು ಗದರಿಸಿದ್ದವನೂ ಇವನೇ.

ಇವನ ಕಾಲದವನೇ ಆದ ಅರಿಸ್ಟಾಟಲ್ ಭಾಷಣಕಲೆಯ ಬಗ್ಗೆ ಬರೆಯುತ್ತಾ, ಮಾತುಗಾರನನ್ನು ನಂಬಲು ಮೂರು ಬೇಕು ಎನ್ನುತ್ತಾನೆ: ವಿವೇಕ, ಸದ್ಗುಣ, ಯೂನೋಯಿಯ. ಮೊದಲಿನ ಎರಡು ಸಾಲದೇ? ಸಾಲವು. ಒಬ್ಬನು ತಿಳಿವಳಿಕೆಯವನೂ ಸಜ್ಜನನೂ ಆಗಿದ್ದು, ನಮ್ಮ ಮೇಲೆ ಒಳ್ಳೆಯ ಮನಸ್ಸಿಲ್ಲದಿದ್ದರೆ, ನಮಗೆ ಯಾವುದು ಹಿತವೆಂದು ಗೊತ್ತಿದ್ದೂ ಹೇಳದೇ ಇರಬಹುದು. ಈ ವಾಕ್ಯವನ್ನು ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಸುಳ್ಳು ಹೇಳಿದವರಿಗಿಂತ, ಗೊತ್ತಿದ್ದೂ ಸುಮ್ಮನಿದ್ದವರಿಂದ ಕೆಟ್ಟ ಊರುಗಳೇನು ಕಡಿಮೆಯೇ?

ಅಥೆನ್ಸ್‌ಗೂ ಅಂಥ ಒಂದು ಬೆಳಗು ಬಂದಿತ್ತು. 339ರ ಒಂದು ಸಂಜೆ, ಅಥೆನ್ಸ್‌ಗೆ ಬರುವ ದಾರಿಯಲ್ಲಿದ್ದ ಎಲಟಿಯ ಎಂಬ ಊರನ್ನು ಫಿಲಿಪ್ ಹಿಡಿದ ಸುದ್ದಿ ಬಂತು. ಬೆಳಗಾಗುವಷ್ಟರಲ್ಲಿ ಜನ ಬೆಟ್ಟದ ಮೇಲಿನ ಸಭೆಯಲ್ಲಿ ಸೇರಿದ್ದರು. ‘ಯಾರು ಮಾತನಾಡುತ್ತೀರಿ?’ ಎಂದು ಸಾರುವವನು ಕೂಗಿದ. ಸೇನಾಪತಿಗಳೆಲ್ಲ ಇದ್ದರು, ಮಾತು ಬಲ್ಲವರೆಲ್ಲ ಇದ್ದರು. ಮತ್ತೆ ಮತ್ತೆ ಕೂಗಿದರೂ ಒಬ್ಬರೂ ಏಳಲಿಲ್ಲ. ಆಗ ಎದ್ದವನು ನಾನು ಎಂದು ಡೆಮಾಸ್ತನೀಸ್ ನ್ಯಾಯಾಲಯದಲ್ಲಿ ನೆನಪಿಸುತ್ತಾನೆ. ಗೆಲುವು, ಬಲ ನಮ್ಮ ಕೈಯಲ್ಲಿಲ್ಲ, ಒಳ್ಳೆಯ ಮನಸ್ಸು ಮಾತ್ರ ನಮ್ಮದು ಎಂಬ ಅರ್ಥದ ಮಾತನ್ನೂ ಆಡುತ್ತಾನೆ.

ಕೇಳುಗರ ಪಾಲನ್ನೂ ಅವನು ಬಿಡುವುದಿಲ್ಲ. ಮಾತುಗಾರನ ಶಕ್ತಿ ಹೆಚ್ಚಾಗಿ ಕೇಳುವವರ ಕೈಯಲ್ಲಿದೆ, ನೀವು ಒಳ್ಳೆಯ ಮನಸ್ಸಿನಿಂದ ಬರಮಾಡಿಕೊಂಡವನೇ ವಿವೇಕಿಯಾಗಿ ಕಾಣುತ್ತಾನೆ ಎನ್ನುತ್ತಾನೆ. ಮೈಕಿನ ಮುಂದೆ ಕುಳಿತಿರುವ ನನಗೂ, ಕಿವಿಗೊಟ್ಟಿರುವ ನಿಮಗೂ ಇದು ಸಲ್ಲುತ್ತದೆ.

ಈಸ್ಕಿನೀಸ್‌ಗೆ ಐದನೇ ಒಂದು ಪಾಲು ಮತವೂ ಬೀಳಲಿಲ್ಲ. ಅವನು ಊರನ್ನೇ ಬಿಟ್ಟು ಹೋದ. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಆ ಗೆಲುವಲ್ಲ. ಕೈರೊನಿಯದಲ್ಲಿ ಸತ್ತವರ ಅಂತ್ಯಕ್ರಿಯೆಯಲ್ಲಿ ಮಾತನಾಡಲು ಊರು ಆರಿಸಿದ್ದು ಡೆಮಾಸ್ತನೀಸ್‌ನನ್ನೇ. ಅಂತ್ಯಕ್ರಿಯೆಯ ನಂತರದ ಊಟ ಸತ್ತವರಿಗೆ ತೀರಾ ಹತ್ತಿರದ ಬಂಧುವಿನ ಮನೆಯಲ್ಲಿ ನಡೆಯಬೇಕು, ಅದು ಅಲ್ಲಿನ ಪದ್ಧತಿ. ಮಕ್ಕಳನ್ನು ಕಳೆದುಕೊಂಡ ತಂದೆಯರು, ಅಣ್ಣತಮ್ಮಂದಿರನ್ನು ಕಳೆದುಕೊಂಡವರು, ಆ ದಿನ ಊಟಕ್ಕೆ ಕುಳಿತದ್ದು ಇವನ ಮನೆಯಲ್ಲಿ.