ಮಳೆ ಮುಗಿದ ಮೇಲೆ ಕಾರ್ಬೊರೇಟರ್

ಕೇಳುಗರಿಗೆ ನಮಸ್ಕಾರ.

ಮುಂಬಯಿಯಲ್ಲಿ ಮಳೆ ನಿಂತಿದೆ. ಡೊಂಬಿವಲಿ, ಭಾಂಡೂಪ್, ಘಾಟ್ಕೋಪರ್ ಕಡೆಯ ಬಿಲ್ಡಿಂಗ್‌ಗಳಲ್ಲಿ ತಾಡಪಾಲು ಹೊದ್ದು ನಿಂತಿದ್ದ ಬೈಕುಗಳು ಈಗ ಹೊರಗೆ ಬರುತ್ತಿವೆ. ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಬಿಟ್ಟ ಕೂಡಲೇ ಬಂದ್. ಗ್ಯಾರೇಜಿನವರು ನೋಡುವ ಮೊದಲೇ ಹೇಳುತ್ತಾರೆ: ‘ಕಾರ್ಬೊರೇಟರ್ ಮೇ ಕಚರಾ ಹೈ.’ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬೊರೇಟರಿನಲ್ಲಿ ಕಸ ಸೇರಿದೆ ಅಂತ.

ಬಹಳ ಸಲ ಅವರ ಮಾತು ನಿಜ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಬೈಕುಗಳು ಹೆಚ್ಚುಕಡಿಮೆ ಕಾರ್ಬೊರೇಟರ್ ಬಿಟ್ಟು ಫ್ಯೂಯಲ್ ಇಂಜೆಕ್ಷನ್‌ಗೆ ಹೋದವು. ನನ್ನ ಮಾತು ಹಳೇ ಸ್ಪ್ಲೆಂಡರ್, ಪಲ್ಸರ್, ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ.

ಬೈಕು ನಿಂತಲ್ಲೇ ನಿಂತರೆ ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವ ಹೀರುತ್ತದೆ. ನಮ್ಮೂರಿನ ಗಾಳಿಯಲ್ಲಿ ತೇವಕ್ಕೇನು ಬರ ಅಲ್ವಾ? ಹಿತ್ತಾಳೆಯ ಜೆಟ್, ಅಂದರೆ ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ತಿರುಪು, ಅದರ ಮೇಲೆ ಹಸಿರು ಕಿಲುಬು ಕಾಣುವುದು ಅದಕ್ಕೇ.

ಸುಮ್ನೆ ಎಲ್ಲವನ್ನೂ ಬಿಚ್ಚಬೇಡಿ. ಐಡಲ್‌ನಲ್ಲಿ ನಿಲ್ಲದೆ, ಜೋರಾಗಿ ಓಡಿಸಿದಾಗ ಚೆನ್ನಾಗಿದ್ದರೆ ಅನುಮಾನ ಪೈಲಟ್ ಜೆಟ್ ಮೇಲೆ. ಪೂರ್ತಿ ಆಕ್ಸಿಲರೇಟರ್ ತಿರುಗಿಸಿದಾಗ ಉಸಿರುಗಟ್ಟಿದರೆ ಮೇನ್ ಜೆಟ್ ನೋಡಿ. ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಬಟ್ಟಲಿನಲ್ಲಿ ತೇಲುವ ಫ್ಲೋಟ್‌ನ ಸೂಜಿ ಪೆಟ್ರೋಲಿನ ದಾರಿಯನ್ನು ಸರಿಯಾಗಿ ಮುಚ್ಚುತ್ತಿಲ್ಲ.

ಕೆಲಸಕ್ಕೆ ಕೆಳಗೆ ಕಂಪೌಂಡಿಗೇ ಬನ್ನಿ. ಸೊಸೈಟಿ ಸೆಕ್ರೆಟರಿ ಗೊಣಗಿದರೆ ಗೊಣಗಲಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ಕೂರುತ್ತದೆ. ಒಂದು ರೂಮು ಕಿಚನ್ ಮನೆಯಲ್ಲಿ ಗ್ಯಾಸ್ ಒಲೆ, ದೇವರ ದೀಪ ಎಷ್ಟು ದೂರ ಇರುತ್ತವೆ ಹೇಳಿ.

ಟ್ಯಾಂಕಿನ ಕೆಳಗಿನ ನಲ್ಲಿ, ಅಂದರೆ ಪೆಟ್ರೋಲ್ ಕಾಕ್, ಬಂದ್ ಮಾಡಿ, ಬಟ್ಟಲಿನ ಪೆಟ್ರೋಲನ್ನು ಡಬ್ಬಿಗೆ ಇಳಿಸಿ. ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ಇರಲಿ, ಆಕ್ಸಿಲರೇಟರ್ ಜೊತೆ ಏರಿಳಿಯುವ ಉದ್ದ ಸೂಜಿಯ ಕ್ಲಿಪ್ ಯಾವ ಗೀರಿನಲ್ಲಿತ್ತು ಎನ್ನುವುದಂತೂ ಬೇಕೇ ಬೇಕು. ಸ್ಕ್ರೂ ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರೇ ಬೇಕು; ಇಲ್ಲದಿದ್ದರೆ ಮೆತ್ತಗಿನ ತಲೆ ಸವೆದು ಹೋಗುತ್ತದೆ. ಫ್ಲೋಟ್ ಪಿನ್ನನ್ನು ಸುತ್ತಿಗೆಯಿಂದ ಹೊಡೆಯಬೇಡಿ. ಅದನ್ನು ಹಿಡಿದ ಕಂಬಗಳು ಮುರಿದರೆ ಇಡೀ ಕಾರ್ಬೊರೇಟರೇ ಹೋಯಿತು.

ಐಡಲ್‌ನ ಪೆಟ್ರೋಲ್-ಗಾಳಿ ಮಿಶ್ರಣ ಹೊಂದಿಸುವ ಪೈಲಟ್ ಸ್ಕ್ರೂ ತೆಗೆಯುವ ಮೊದಲು ಅದನ್ನು ಹಗುರವಾಗಿ ಕೊನೆಯವರೆಗೆ ಒಳಗೆ ತಿರುಗಿಸಿ, ಎಷ್ಟು ಸುತ್ತು ಹೋಯಿತೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಹೊರಗೆ ತೆಗೆಯಿರಿ. ಅದರ ಹಿಂದೆ ಸ್ಪ್ರಿಂಗು, ಕೆಲವದರಲ್ಲಿ ಪುಟ್ಟ ವಾಷರು, ರಬ್ಬರಿನ ಓ-ರಿಂಗೂ ಇರುತ್ತವೆ, ತಟ್ಟೆಯ ಮೇಲೇ ಬೀಳಲಿ.

ಈಗ ಪೈಲಟ್ ಜೆಟ್. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಜೆಟ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿ. ದುಂಡಗಿನ ಚುಕ್ಕೆ ಕಂಡರೆ ಸರಿ. ಅಂಚು ಅರ್ಧಚಂದ್ರದಂತಿದ್ದರೆ ಇನ್ನೂ ಅಂಟು ಇದೆ. ಪಿನ್ನು, ಉಕ್ಕಿನ ತಂತಿ ಚುಚ್ಚಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾದರೆ ಪೆಟ್ರೋಲ್ ಜಾಸ್ತಿ ಹೋಗಿ ಮೈಲೇಜ್ ಇಳಿಯುತ್ತದೆ. ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ. ಆಮೇಲೂ ಅಂಟು ಬಿಡದಿದ್ದರೆ ಎಲೆಕ್ಟ್ರಿಕ್ ವೈರಿನ ಒಂದೇ ಒಂದು ತಾಮ್ರದ ಎಳೆ ಸಾಕು.

ಬಹಳ ಜನ ಜೆಟ್ ತೊಳೆದು ಅಲ್ಲಿಗೇ ಬಿಡುತ್ತಾರೆ. ಅದು ಅರ್ಧ ಕೆಲಸ. ಜೆಟ್ ಕೂರುವ ತೂತಿಗೆ ಸ್ಪ್ರೇ ಹೊಡೆದರೆ, ಗಾಳಿ ಓಡುವ ದೊಡ್ಡ ಕೊಳವೆಯೊಳಗಿನ ಸಣ್ಣ ತೂತುಗಳಿಂದ ಅದು ಚಿಮ್ಮಬೇಕು. ಚಿಮ್ಮದಿದ್ದರೆ ದಾರಿ ಇನ್ನೂ ಕಟ್ಟಿದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆಯಿರಿ. ಕಣ್ಣಿಗೆ ಕನ್ನಡಕ ಇರಲಿ, ಸ್ಪ್ರೇ ಯಾವ ತೂತಿನಿಂದ ತಿರುಗಿ ಬರುತ್ತದೋ ಹೇಳಲಾಗದು. ರಬ್ಬರ್ ಓ-ರಿಂಗ್‌ಗೂ ಡಯಾಫ್ರಮ್‌ಗೂ ಆ ಸ್ಪ್ರೇ ತಾಗಿಸಬೇಡಿ, ಉಬ್ಬಿಕೊಳ್ಳುತ್ತವೆ.

ಜೋಡಿಸಿದ ಮೇಲೆ ಕಾಕ್ ತೆರೆದು ಐದು ನಿಮಿಷ ನೋಡಿ. ಎಲ್ಲೂ ಒದ್ದೆ ಕಾಣದಿದ್ದರೆ ಮಾತ್ರ ಸ್ಟಾರ್ಟ್ ಮಾಡಿ. ಐಡಲ್ ಹೊಂದಿಸುವುದು ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ. ತೊಳೆದು ಜೋಡಿಸಿದ ಮೇಲೂ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಫ್ಲೋಟ್‌ನ ಸೂಜಿ ಸವೆದಿರಬಹುದು. ಅದನ್ನು ತೊಳೆದು ಪ್ರಯೋಜನವಿಲ್ಲ, ಹೊಸದೇ ಹಾಕಿಸಿ.